ಹೊಳೆಯಲ್ಲಿ ನೀರೆಲ್ಲಿ?

ಕಳೆದ ವಾರ ಪಕ್ಕದ ಮನೆಯ ಆರು ವರ್ಷದ ಹುಡುಗಿ ನನ್ನ ಫೋನಿನಲ್ಲಿದ್ದ ಚಿತ್ರವೊಂದನ್ನು ನೋಡಿ, "ಓಮ್, ಹೊಳೆ ಅಂದ್ರಿ, ಇದರಲ್ಲಿ ನೀರೆಲ್ಲಿ?" ಅಂದಳು. ಇಲ್ಲಿ, ಇಂಡೋನೇಷ್ಯಾದಲ್ಲಿ, ಮಾಮನನ್ನು ಕರೆಯುವುದು ಹಾಗೆ. ಚಿತ್ರ ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯದು, ಜನವರಿಯ ತುಂಗೆ. ತಳದ ಕಲ್ಲು, ಮೀನಿನ ಬೆನ್ನು ಎಲ್ಲ ಕಾಣುತ್ತಿತ್ತು. ಬೋರ್ನಿಯೋದ ಪೂರ್ವ ಕಾಲಿಮಂಟನ್‌ನಲ್ಲಿ, ಮಹಾಕಮ್ ಹೊಳೆಯ ದಡದಲ್ಲಿ ಬೆಳೆಯುತ್ತಿರುವ ಮಗುವಿಗೆ ಹೊಳೆಯ ನೀರೆಂದರೆ ಹಾಲು ಬೆರೆಸಿದ ಚಹಾದ ಬಣ್ಣ. ಅದಕ್ಕೆ ಗಣಿಯೊಂದೇ ಕಾರಣವಲ್ಲ, ಕಾಡು ಕಡಿದದ್ದೂ ಇದೆ. ಆದರೂ ಕಲ್ಲಿದ್ದಲು ಗಣಿಯ ಹೂಳು ಹೊಳೆಗೆ ಸೇರದಂತೆ ತಡೆಯುವುದೇ ಕೆಲಸವಾದ ನನ್ನಂಥವರಿಗೆ ಆ ಮಾತು ನೇರವಾಗಿ ತಾಗುತ್ತದೆ.

ಗಣಿಯ ಕೆಸರು ನೀರನ್ನು ನಿಲ್ಲಿಸಿ ಹೂಳು ಕೂರಿಸುವ ಹೂಳುಕೊಳ ಎಂದರೆ ಊರಿನವರು ದೊಡ್ಡ ಗುಂಡಿ ಎಂದುಕೊಳ್ಳುತ್ತಾರೆ. ಕೆಲಸ ಶುರುವಾಗುವುದು ಗುಂಡಿಯಿಂದಲ್ಲ, ಗುಡ್ಡದ ಮೇಲಿಂದ. ಅಗೆಯದ ಕಾಡಿನಿಂದ ಇಳಿಯುವ ತಿಳಿನೀರು ಗಣಿಯೊಳಗೆ ಬರದಂತೆ ಮೇಲ್ಭಾಗದಲ್ಲೇ ಕಾಲುವೆ ತೆಗೆದು ಸುತ್ತುಬಳಸಿ ಹಳ್ಳಕ್ಕೆ ಬಿಡಬೇಕು. ಹೀಗೆ ಉಳಿಸಿದ ಪ್ರತಿ ಲೀಟರೂ ಕೊಳಕ್ಕೆ ಕಡಿಮೆ ಭಾರ. ಬರಿದಾದ 100 ಹೆಕ್ಟೇರ್ ನೆಲದ ಮೇಲೆ 50 ಮಿ.ಮೀ. ಮಳೆ ಸುರಿದು, ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಹರಿದರೂ 40,000 ಘನ ಮೀಟರ್ ಕೆಸರು ನೀರು. ಅದು ಗಣಿಯ ತಳದ ಹೊಂಡದಲ್ಲಿ ನಿಂತು, ಪಂಪಿನಲ್ಲಿ ಮೇಲೇರಿ, ಕೊಳಕ್ಕೆ ಬರುತ್ತದೆ.

ಕೊಳದ ಲೆಕ್ಕದಲ್ಲಿ ಎಲ್ಲರೂ ಎಡವುವುದು ಆಳದಲ್ಲಿ. ಹೂಳು ಕೂರಲು ಬೇಕಾದದ್ದು ಮೇಲ್ಮೈ ವಿಸ್ತಾರ. 0.01 ಮಿ.ಮೀ. ಗಾತ್ರದ ಹೂಳಿನ ಕಣ ಸೆಕೆಂಡಿಗೆ ಸುಮಾರು 0.1 ಮಿ.ಮೀ. ಇಳಿಯುತ್ತದೆ. ಪಂಪು ಸೆಕೆಂಡಿಗೆ 500 ಲೀಟರ್ ತರುತ್ತಿದ್ದರೆ ಕನಿಷ್ಠ 5,000 ಚದರ ಮೀಟರ್ ನೀರಿನ ಹರವು ಬೇಕು. ಆಳ ಇರುವುದು ಕೂತ ಹೂಳನ್ನು ಇಟ್ಟುಕೊಳ್ಳಲಿಕ್ಕೆ. ಅಗಲಕ್ಕಿಂತ ಉದ್ದ ಮೂರು ಪಟ್ಟಾದರೂ ಇರಲಿ, ನಡುವೆ ಅಡ್ಡಬದು ಇರಲಿ. ಇಲ್ಲದಿದ್ದರೆ ನೀರು ಒಳಬಂದ ಬಾಯಿಂದ ಹೊರಬಾಯಿಗೆ ನೇರ ಓಡಿ, ಉಳಿದ ಕೊಳ ಸುಮ್ಮನೆ ಬಿದ್ದಿರುತ್ತದೆ. ಮೊದಲ ಅಂಕಣವೇ ಬೇಗ ತುಂಬುವುದು. ಅದು ಹಿಟಾಚಿಯ ಕೈಗೆ ಎಟುಕುವಷ್ಟೇ ಅಗಲವಿರಬೇಕು, ಮೂರನೇ ಒಂದು ಭಾಗ ತುಂಬುತ್ತಿದ್ದಂತೆ ಎತ್ತಿಸಬೇಕು. ಎತ್ತಿದ ಕೆಸರನ್ನು ದಂಡೆ ಮೇಲೇ ಸುರಿದರೆ ಮುಂದಿನ ಮಳೆಗೆ ಅದು ಮತ್ತೆ ಕೊಳದಲ್ಲಿ!

ಜೇಡಿ ಮಣ್ಣಿನ ಕಥೆ ಬೇರೆ. 0.002 ಮಿ.ಮೀ. ಕಣ ಒಂದು ಮೀಟರ್ ಇಳಿಯಲು ಸುಮಾರು ಮೂರು ದಿನ ಬೇಕು. ಆಗ ಕಣಗಳನ್ನು ಕೂಡಿಸಿ ಕೂರಿಸಲು ಪಟಿಕ ಹಾಕಬೇಕು. ಆದರೆ ಕೈಯಳತೆಯಲ್ಲಿ ಅಲ್ಲ: ಅಂದಿನ ನೀರನ್ನೇ ಜಾಡಿಗಳಲ್ಲಿ ಹಿಡಿದು, ಬೇರೆ ಬೇರೆ ಪ್ರಮಾಣ ಹಾಕಿ ನೋಡಬೇಕು. ಹೆಚ್ಚಾದರೆ ಕೂಡಿದ ಕಣ ಮತ್ತೆ ಬಿಡಿಸಿಕೊಳ್ಳುತ್ತದೆ, ನೀರಿನ ಹುಳಿಯೂ ಏರುತ್ತದೆ. ಕಲ್ಲಿದ್ದಲ ಪದರದ ಗಂಧಕದಿಂದ ನೀರು ಮೊದಲೇ ಹುಳಿಯಾಗಿದ್ದರೆ ಸುಣ್ಣವೂ ಬೇಕು. ಪಟಿಕ ಬೀಳಬೇಕಾದದ್ದು ನೀರು ಧುಮುಕುವ ಜಾಗದಲ್ಲಿ. ನಿಂತ ಕೊಳಕ್ಕೆ ಎರಚಿದರೆ ಹಾಳು. ಇಂಡೋನೇಷ್ಯಾದ 2003ರ ಆದೇಶದ ಪ್ರಕಾರ ಹೊರಬೀಳುವ ನೀರಿನಲ್ಲಿ ತೇಲುಕಣ ಲೀಟರಿಗೆ 400 ಮಿ.ಗ್ರಾಂ. ಮೀರಬಾರದು, ಹುಳಿಯನ್ನು ಅಳೆಯುವ ಪಿಎಚ್ 6ರಿಂದ 9ರೊಳಗಿರಬೇಕು.

ಕೊಳ ಒಡೆಯುವುದು ಸಾಮಾನ್ಯವಾಗಿ ಏರಿಯ ಮಧ್ಯದಲ್ಲಲ್ಲ. ತೂಬಿನ ಕೊಳವೆಯ ಪಕ್ಕದಲ್ಲಿ ಮಣ್ಣು ಸರಿಯಾಗಿ ದಮ್ಮಸ್ಸಾಗದೆ ನೀರು ಜಿನುಗಿ ಬಿಲ ಮಾಡುತ್ತದೆ, ಇಲ್ಲವೇ ಕೋಡಿಗೆ ಕಲ್ಲು ಹಾಸದೆ ಕೊರೆದುಹೋಗುತ್ತದೆ. ಏರಿ, ತೂಬು, ಕೋಡಿ: ನಮ್ಮ ಕೆರೆಗಳ ಮಾತೇ ಇದು. ಇದನ್ನೆಲ್ಲ ನಾವು ತಿಳಿದವರೇ.

ಅದಕ್ಕೇ ಬೇಸರ. ಆ ಮಗುವಿಗೆ ತೋರಿಸದ ಇನ್ನೊಂದು ಚಿತ್ರವಿದೆ: ಜುಲೈನ ತುಂಗೆ, ತೀರ್ಥಹಳ್ಳಿಯ ರಾಮಮಂಟಪದ ಸುತ್ತ ಕೆಂಪು ನೀರು. ತೋರಿಸಿದ್ದರೆ ತನ್ನ ಹೊಳೆಯೆಂದೇ ಗುರುತಿಸುತ್ತಿದ್ದಳು. ನಮ್ಮ ಕಡೆಯ ಗಣಿಯೆಂದರೆ ಭದ್ರೆಯ ಮೇಲ್ಭಾಗದ ಕುದುರೆಮುಖದ ಕಬ್ಬಿಣದ ಅದಿರಿನದು; ಅದೂ 2005ರ ಕೊನೆಗೆ ನಿಂತಿತು, ಲಕ್ಯಾ ಅಣೆಕಟ್ಟಿನ ಹಿಂದೆ ಅದರ ಹೂಳು ಇಂದಿಗೂ ಕೂತಿದೆ. ಗಣಿಗೆ ಕಾನೂನುಂಟು, ಕೋರ್ಟುಂಟು. ಮನೆಗೆ, ರಸ್ತೆಗೆ, ರೆಸಾರ್ಟಿಗೆ ಏಪ್ರಿಲ್‌ನಲ್ಲಿ ಧರೆ (ಗುಡ್ಡದ ಇಳಿಜಾರು) ಕಡಿದು ಹಾಗೇ ಬಿಟ್ಟ ಮಣ್ಣಿಗೆ ಯಾರಿದ್ದಾರೆ? ಹತ್ತು ಗುಂಟೆ ಬೋಳು ನೆಲಕ್ಕೆ 100 ಮಿ.ಮೀ. ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು. ಆಗುಂಬೆ ಕಡೆ ಅದು ಒಂದೇ ದಿನದ ಮಳೆ.

ಅಡಿಕೆ ತೋಟದಲ್ಲಿ ಬಸಿಗಾಲುವೆ ಎಷ್ಟು ನಾಜೂಕಾಗಿ ತೆಗೆಯುತ್ತೇವೆ! ಅದೇ ಕೈ ಧರೆಗೂ ಬೇಕು. ಕಡಿಯುವ ಮೊದಲೇ ಮೇಲೆ ಅಗಳ ಹೊಡೆದು ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಿ. ಧರೆಯನ್ನು ಒಂದೇ ಗೋಡೆಯಾಗಿ ನಿಲ್ಲಿಸದೆ ಮೆಟ್ಟಿಲು ಮಾಡಿ. ಬೋಳು ಮಣ್ಣಿಗೆ ದರಕು (ಒಣಗಿದ ಎಲೆ) ಹೊದೆಸಿ, ಅಂಚಿಗೆ ಲಾವಂಚ ನೆಡಿ. ಕೆಳಗೊಂದು ಹೂಳುಗುಂಡಿ ಇರಲಿ, ಆದರೆ ಅದನ್ನೇ ನಂಬಬೇಡಿ. ನಮ್ಮ ಕೆಂಪು ಜೇಡಿ ಅದರಲ್ಲಿ ಕೂರುವುದಿಲ್ಲ, ಅದನ್ನು ಹಿಡಿಯುವುದು ದರಕಿನ ಹೊದಿಕೆಯೇ. ಇಷ್ಟೂ ಮೇ ಮುಗಿಯುವುದರೊಳಗೆ ಆಗಬೇಕು, ಮಳೆ ಹಿಡಿದ ಮೇಲೆ ಧರೆಯ ಹತ್ತಿರ ಆಳು ಇಳಿಸುವುದು ಅಪಾಯ.