ದಿನಕ್ಕೆ ಎಷ್ಟು ಆಟ ಬೇಕು?

ಕಲಬುರಗಿಯಲ್ಲಿ ಪಿಟಿ ಟೀಚರ್ ಆಗಿರುವ ನನ್ನನ್ನು ಪಾಲಕರು ಕೇಳುವ ಪ್ರಶ್ನೆ ಇದೇ. 5ರಿಂದ 17 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷ. ಆದರೆ ನಮ್ಮೂರಿನ ಅಪ್ಪನ ಕೆರೆ ಸುತ್ತ ಸುಮ್ನೆ ಹರಟುತ್ತಾ ನಡೆದರೆ ಸಾಲದು. ವಾರಕ್ಕೆ 3 ದಿನವಾದರೂ ಏದುಸಿರು ಬರುವಷ್ಟು ಓಡಬೇಕು. ಕಬಡ್ಡಿ, ಖೋಖೋ ಆದರೂ ಸರಿ. ಹೀಗೆ ಆಡುತ್ತಾ ಹೋದರೆ ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ. ಕೂತಾಗ ನಾಡಿ ನಿಧಾನವಾಗುತ್ತದೆ. ಸ್ನಾಯುಗಳು ಆಮ್ಲಜನಕವನ್ನು ಚೆನ್ನಾಗಿ ಬಳಸುತ್ತವೆ. ಬೀಪ್ ಸದ್ದಿಗೆ ಸರಿಯಾಗಿ ಅತ್ತಿಂದಿತ್ತ ಓಡುವ 20 ಮೀಟರ್ ಶಟಲ್ ಓಟದಲ್ಲಿ ಬೀಪ್ ಬೇಗ ಬೇಗ ಬರತೊಡಗಿದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ನನಗೆ ಸಂಕಟವಾಗುವುದು, ಹತ್ತನೇ ಕ್ಲಾಸ್ ಬಂತೆಂದು ಆಟ ಬಿಡಿಸಿದಾಗ. ಕೆಲವು ವಾರ ನಿಲ್ಲಿಸಿದರೂ ಗಳಿಸಿದ ದಮ್ಮು ಇಳಿಯುತ್ತದೆ. ದಯವಿಟ್ಟು ಬಿಡಿಸಬೇಡಿ. ಏಪ್ರಿಲ್, ಮೇನಲ್ಲಿ ಮಾತ್ರ ಬಿಸಿಲೇರುವ ಮೊದಲೇ ಆಡಿಸಿ, ನೀರು ಕುಡಿಸಿ.