ಕ್ರೂಸ್‌ನಲ್ಲಿ ಮಿಲಿಟರಿ ಕ್ರೆಡಿಟ್: ಹಡಗು ಹತ್ತುವ ಮುಂಚೆ ಇಷ್ಟು ನೋಡಿಕೊಳ್ಳಿ

ಮನೆಯಲ್ಲಿ ಯಾರಾದರೂ ಅಮೆರಿಕದ ಸೇನೆಯಲ್ಲಿದ್ದರೆ, ಅಥವಾ ಇದ್ದು ಬಂದಿದ್ದರೆ, ಕ್ರೂಸ್ ಬುಕ್ ಮಾಡುವಾಗಲೇ ಆ ವಿಷಯ ಹೇಳಿಬಿಡಿ. ನೀವಾಗಿ ಹೇಳದಿದ್ದರೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಪ್ರಿನ್ಸೆಸ್, ಹಾಲೆಂಡ್ ಅಮೆರಿಕ ಅನ್ನುವಂಥ ಕ್ರೂಸ್ ಕಂಪನಿಗಳು ಅಮೆರಿಕ ಮತ್ತು ಕೆನಡಾದ ಸೈನಿಕರಿಗೆ, ಮಾಜಿ ಸೈನಿಕರಿಗೆ ಆನ್‌ಬೋರ್ಡ್ ಕ್ರೆಡಿಟ್ ಕೊಡುತ್ತವೆ. ಟಿಕೆಟ್ ದರ ಇದರಿಂದ ಒಂದು ಪೈಸೆಯೂ ಕಡಿಮೆ ಆಗಲ್ಲ. ಹಡಗಿನೊಳಗೆ ನಿಮ್ಮ ಲೆಕ್ಕಕ್ಕೆ ಇಷ್ಟು ಡಾಲರ್ ಅಂತ ಮೊದಲೇ ಜಮಾ ಮಾಡುತ್ತಾರೆ, ನೀವು ಮಾಡುವ ಖರ್ಚು ಅದರಿಂದ ಕಳೆಯುತ್ತಾ ಹೋಗುತ್ತದೆ. ಪ್ರವಾಸ ಉದ್ದ ಆದಷ್ಟೂ ಮೊತ್ತ ಜಾಸ್ತಿ, 250 ಡಾಲರ್‌ವರೆಗೂ ಹೋಗುತ್ತದೆ. ಕೆಲವು ಕಂಪನಿಗಳು ಕ್ರೆಡಿಟ್ ಬದಲು ಟಿಕೆಟ್‌ನಲ್ಲೇ ರಿಯಾಯಿತಿ ಕೊಡುತ್ತವೆ. ಎರಡೂ ಬೇರೆ ಬೇರೆ, ಬುಕ್ ಮಾಡುವಾಗ ಯಾವುದು ಅಂತ ಕೇಳಿಕೊಳ್ಳಿ.

ನನ್ನ ಗಂಡ ಅಮೆರಿಕದ ಆರ್ಮಿಯಲ್ಲಿದ್ದು ಬಿಟ್ಟವರು. ಕೊನೆಯ ಪೋಸ್ಟಿಂಗ್ ಟಕೋಮಾ ಹತ್ತಿರದ ಲೂಯಿಸ್-ಮೆಕಾರ್ಡ್ ಬೇಸ್‌ನಲ್ಲಿತ್ತು, ಆಮೇಲೆ ಅಲ್ಲೇ ಮನೆ ಮಾಡಿಕೊಂಡೆವು. ಸೋಮವಾರಪೇಟೆಯಿಂದ ಅತ್ತೆ ಮಾವ ಬಂದಾಗ ಸಿಯಾಟಲ್‌ನಿಂದ ಹೊರಡುವ ಒಂದು ವಾರದ ಅಲಾಸ್ಕಾ ಕ್ರೂಸ್‌ಗೆ ನಾಲ್ಕೂ ಜನ ಹೋದೆವು. ಅದೇ ಥರ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದ ಪತ್ರ. ಸೇವೆಯಿಂದ ಬಿಡುಗಡೆ ಆದವರಿಗೆ ಡಿಡಿ-214 ಅನ್ನುವ ಕಾಗದ ಕೊಟ್ಟಿರುತ್ತಾರೆ. ಇದರಲ್ಲಿ ಒಂದಕ್ಕಿಂತ ಹೆಚ್ಚು ಪ್ರತಿ ಇರುತ್ತವೆ, ನಿಮಗೆ ಬೇಕಾದ್ದು ಮೆಂಬರ್-4 ಪ್ರತಿ. ಕಾಗದದ ಕೆಳಗಿನ ಮೂಲೆಯಲ್ಲಿ ಹಾಗಂತ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಮೆಂಬರ್-1 ಪ್ರತಿಯಲ್ಲಿ ಬಿಡುಗಡೆ ಯಾವ ರೀತಿಯದ್ದು ಅನ್ನುವ ಭಾಗವೇ ಇರಲ್ಲ. ಕ್ರೂಸ್ ಕಂಪನಿಗೆ ಬೇಕಾಗಿರುವುದು ಅದೇ, ಅಂದರೆ ‘ಆನರೆಬಲ್’ ಅಂತ ಇದೆಯಾ ಅಂತ. ಹಾಗಾಗಿ ಮೆಂಬರ್-1 ಕಳಿಸಿದರೆ ವಾಪಸ್ ಬರುವ ಸಾಧ್ಯತೆ ಜಾಸ್ತಿ. ಸ್ಕ್ಯಾನ್ ಮಾಡುವ ಮುಂಚೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇರುವ ಜಾಗಕ್ಕೆ ಕಾಗದದ ಚೂರು ಅಂಟಿಸಿ ಮುಚ್ಚಿಬಿಡಿ. ಈ ಕೆಲಸಕ್ಕೆ ಅದನ್ನು ಕೊಡುವ ಅಗತ್ಯ ಇಲ್ಲ. ಡಿಡಿ-214 ಕಳೆದುಹೋಗಿದ್ದರೆ ನ್ಯಾಷನಲ್ ಆರ್ಕೈವ್ಸ್ ಮೂಲಕ ಪ್ರತಿ ತರಿಸಬಹುದು, ದುಡ್ಡು ಕೊಡಬೇಕಾಗಿಲ್ಲ, ಆದರೆ ಸಮಯ ಹಿಡಿಯುತ್ತದೆ.

ಮಿಲಿಟರಿ ಐಡಿ ಕಾರ್ಡನ್ನು ಮಾತ್ರ ಫೋಟೊ ತೆಗೆದು, ಜೆರಾಕ್ಸ್ ಮಾಡಿ ಕಳಿಸಬೇಡಿ. ರಿಯಾಯಿತಿಗೋಸ್ಕರ ಅದರ ಪ್ರತಿ ಮಾಡುವುದು ಅಮೆರಿಕದ ಕಾನೂನಿಗೆ ವಿರುದ್ಧ. ಯಾರಾದರೂ ಏಜೆಂಟ್ ‘ಸುಮ್ನೆ ವಾಟ್ಸಾಪ್‌ನಲ್ಲಿ ಹಾಕಿ’ ಅಂದರೂ ಬೇಡ. ಈಗಲೂ ಸೇವೆಯಲ್ಲಿರುವವರು ಡಿಡಿ-214 ಬದಲು ತಿಂಗಳ ಸಂಬಳದ ಚೀಟಿ, ಅಂದರೆ ಎಲ್‌ಇಎಸ್, ಅಥವಾ ಯೂನಿಟ್‌ನಿಂದ ಸೇವಾ ಪತ್ರ ಕೊಡಬಹುದು.

ಇದನ್ನೆಲ್ಲ ಹೊರಡುವುದಕ್ಕೆ ಒಂದು ತಿಂಗಳು ಇರುವಾಗಲೇ ಕಳಿಸಿ. ಕೊನೇ ದಿನಾಂಕ ಅಂತ ಒಂದಿರುತ್ತದೆ, ಅದು ದಾಟಿದ ಮೇಲೆ ಹಡಗಿನಲ್ಲಿ ಎಷ್ಟು ಕೇಳಿಕೊಂಡರೂ ಪ್ರಯೋಜನ ಇಲ್ಲ, ಏಕೆಂದರೆ ಇದನ್ನು ಮಂಜೂರು ಮಾಡುವವರು ದಡದ ಮೇಲಿನ ಆಫೀಸಿನವರು. ಮಂಜೂರಾದ ಇಮೇಲ್ ಬಂದಾಗ ಅದನ್ನು ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ನಮಗೆ ಅದು ಕೆಲಸಕ್ಕೆ ಬಂತು. ಹತ್ತಿದ ಸಂಜೆ ಆ್ಯಪ್ ತೆರೆದು ನೋಡಿದರೆ ಲೆಕ್ಕದಲ್ಲಿ ಸೊನ್ನೆ! ಗೆಸ್ಟ್ ಸರ್ವಿಸ್ ಕೌಂಟರ್‌ನಲ್ಲಿದ್ದ ಹುಡುಗಿ ಇಮೇಲ್ ಓದಿ, ಏನೋ ಟೈಪ್ ಮಾಡಿ, ‘ನಾಳೆ ಬೆಳಿಗ್ಗೆ ನೋಡಿ ಸರ್’ ಅಂದಳು. ಬೆಳಿಗ್ಗೆ ಕಾಫಿ ಕುಡಿಯುವಾಗ ನೋಡಿದರೆ ಮೈನಸ್ ಗುರುತಿನ ಜೊತೆ 100 ಡಾಲರ್ ಕೂತಿತ್ತು. ಹಡಗಿನ ಲೆಕ್ಕದಲ್ಲಿ ಮೈನಸ್ ಅಂದರೆ ನಿಮ್ಮ ಕಡೆಗೆ ಜಮಾ, ಗಾಬರಿ ಬೀಳಬೇಡಿ.

ಈಗ ಖರ್ಚಿನ ವಿಷಯ. ಎಲ್ಲಕ್ಕಿಂತ ಮುಖ್ಯ ಇದೇ. ಮಿಲಿಟರಿ ಕ್ರೆಡಿಟ್ ಸಾಮಾನ್ಯವಾಗಿ ನಗದಾಗಿ ವಾಪಸ್ ಬರಲ್ಲ. ಪ್ರವಾಸ ಮುಗಿದ ದಿನ ಉಳಿದದ್ದು ಹೋಯಿತು ಅಂತಲೇ ಲೆಕ್ಕ. ಕ್ಯಾಸಿನೊದಲ್ಲಿ ನಡೆಯಲ್ಲ. ಇನ್ನೊಬ್ಬರ ಹೆಸರಿಗೆ ಬರೆದುಕೊಡಲೂ ಆಗಲ್ಲ. ಹಾಗಾಗಿ ‘ಸಿಕ್ಕಿದೆಯಲ್ಲ, ಏನಾದರೂ ತಗೊಳ್ಳೋಣ’ ಅಂತ ಹುಡುಕಾಡಬೇಡಿ, ಹೇಗಿದ್ದರೂ ಕೊಡಲೇಬೇಕಾದ ಒಂದು ಬಿಲ್ಲಿಗೆ ಅದನ್ನು ಮೊದಲೇ ಕಟ್ಟಿಹಾಕಿ. ಅಂಥ ಬಿಲ್ ಹೆಚ್ಚಿನ ಹಡಗುಗಳಲ್ಲಿ ಇದೆ: ದಿನದ ಗ್ರಾಚುಟಿ, ನಮ್ಮ ಭಾಷೆಯಲ್ಲಿ ಸಿಬ್ಬಂದಿಯ ಟಿಪ್ಸ್. ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ತನಕ ತಾನಾಗಿಯೇ ನಿಮ್ಮ ಲೆಕ್ಕಕ್ಕೆ ಬೀಳುತ್ತದೆ. 17 ಅಂತ ಹಿಡಿದರೆ ಇಬ್ಬರಿಗೆ ವಾರಕ್ಕೆ 238 ಡಾಲರ್ ಆಯಿತು. ನಮ್ಮ 100 ಡಾಲರ್ ಅದರಲ್ಲೇ ಕರಗಿತು. ಅಂಗಡಿ ಕಡೆ ತಲೆ ಹಾಕುವ ಪ್ರಮೇಯವೇ ಬರಲಿಲ್ಲ.

ಆದರೆ ಇಲ್ಲೊಂದು ತೊಡಕಿದೆ. ಬುಕ್ ಮಾಡುವಾಗಲೇ ಡ್ರಿಂಕ್ಸ್, ವೈಫೈ, ಟಿಪ್ಸ್ ಎಲ್ಲ ಸೇರಿದ ಪ್ಯಾಕೇಜ್ ತಗೊಂಡಿದ್ದರೆ ಹಡಗಿನಲ್ಲಿ ಕೊಡಬೇಕಾದ ಬಿಲ್ಲೇ ಇರಲ್ಲ. ಆಗ ಕ್ರೆಡಿಟ್ ಅಂಟಿಕೊಳ್ಳುವುದಕ್ಕೆ ಜಾಗ ಇಲ್ಲ. ಹಾಗಿದ್ದರೆ ಅದನ್ನು ದಡದ ಸುತ್ತಾಟಕ್ಕೆ ಇಟ್ಟುಕೊಳ್ಳಿ. ಅಲಾಸ್ಕಾದ ಸ್ಕಾಗ್ವೆ ಅನ್ನುವ ಊರಿನಲ್ಲಿ ವೈಟ್ ಪಾಸ್ ರೈಲು ಇದೆ, 1898ರಲ್ಲಿ ಚಿನ್ನದ ಹುಚ್ಚು ಹತ್ತಿದ್ದ ಕಾಲದಲ್ಲಿ ಶುರುಮಾಡಿ 1900ರಲ್ಲಿ ಮುಗಿಸಿದ ಸಣ್ಣ ಗೇಜ್ ಲೈನು, ಬೆಟ್ಟದ ಅಂಚಿನಲ್ಲೇ ಹೋಗುತ್ತದೆ. ಟಿಕೆಟ್ ತಲೆಗೆ ನೂರು ಡಾಲರ್ ದಾಟುತ್ತದೆ. ರೈಲಿನವರ ಹತ್ತಿರ ನೇರವಾಗಿ ತಗೊಂಡರೆ ನಿಮ್ಮ ಕಾರ್ಡಿನಿಂದ ಹೋಗುತ್ತದೆ, ಹಡಗಿನ ಮೂಲಕ ತಗೊಂಡರೆ ಕ್ರೆಡಿಟ್‌ನಿಂದ. ಇನ್ನು ಮನೆಯಿಂದಲೇ ಮುಂಗಡ ಬುಕ್ ಮಾಡುವುದಕ್ಕೆ ಕ್ರೆಡಿಟ್ ನಡೆಯುತ್ತದೆಯಾ, ಹತ್ತಿದ ಮೇಲೆ ಮಾತ್ರವಾ ಅನ್ನುವುದು ಕಂಪನಿಗೊಂದು ಥರ ಇರುತ್ತದೆ, ಕೇಳಿಕೊಳ್ಳಿ.

ಒಂದು ಎಚ್ಚರಿಕೆ. ಕೊನೆಯ ಊರಿನ ಸುತ್ತಾಟಕ್ಕೆ ಎಲ್ಲ ಕ್ರೆಡಿಟ್ ಹಾಕಬೇಡಿ. ಅಲಾಸ್ಕಾದಲ್ಲಿ ಮಂಜು, ಮಳೆ ಅಂತ ಹೆಲಿಕಾಪ್ಟರ್, ವಿಮಾನದ ಸುತ್ತಾಟಗಳು ರದ್ದಾಗುತ್ತಲೇ ಇರುತ್ತವೆ. ಕ್ರೆಡಿಟ್‌ನಿಂದ ಕೊಟ್ಟದ್ದು ಕ್ರೆಡಿಟ್ ಆಗಿಯೇ ವಾಪಸ್ ಬರುತ್ತದೆ, ಖರ್ಚು ಮಾಡಲು ಆಗ ಒಂದು ದಿನವೂ ಉಳಿದಿರಲ್ಲ.

ಕ್ರೆಡಿಟ್ ಸಿಗುವುದು ಸೈನಿಕರು ಇರುವ ಕ್ಯಾಬಿನ್‌ಗೆ ಮಾತ್ರ. ಅತ್ತೆ ಮಾವನ ಕ್ಯಾಬಿನ್ ಪಕ್ಕದಲ್ಲೇ ಇದ್ದರೂ ಅವರ ಲೆಕ್ಕ ಬೇರೆ, ಅವರಿಗೆ ಏನೂ ಇಲ್ಲ. ಮಾವ ನಮ್ಮ ಸೇನೆಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು, ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್‌ನಲ್ಲಿ ತರಬೇತಿ, ಆಮೇಲೆ ಸಿಯಾಚಿನ್ ಕಡೆ ಸೇವೆ. ಬುಕ್ ಮಾಡುವ ದಿನ ನನ್ನ ಪಕ್ಕ ಕೂತು, ‘ಏನಮ್ಮ, ನನ್ನ ಡಿಸ್ಚಾರ್ಜ್ ಬುಕ್ ತೋರಿಸಿದ್ರೆ ನಂಗೂ ಕೊಡ್ತಾರಾ?’ ಅಂತ ಕೇಳಿದರು. ಕೊಡಲ್ಲ. ನಿಯಮದಲ್ಲಿ ಇರುವುದು ಅಮೆರಿಕ, ಕೆನಡಾ ಸೇನೆ ಮಾತ್ರ. ಊರಿನಿಂದ ಮಾಜಿ ಸೈನಿಕ ಅಪ್ಪಂದಿರನ್ನು ಕರೆಸುವವರು ಮೊದಲೇ ಇದನ್ನು ಹೇಳಿಬಿಡಿ, ಅಲ್ಲಿ ಹೋಗಿ ಬೇಜಾರಾಗುವುದು ಬೇಡ.

ಆದರೆ ಅವರನ್ನು ತಪ್ಪದೆ ಕರೆದುಕೊಂಡು ಹೋಗಬೇಕಾದ ಜಾಗ ಒಂದಿದೆ. ಬಹಳ ಹಡಗುಗಳಲ್ಲಿ ಮಾಜಿ ಸೈನಿಕರ ಕೂಟ ಇರುತ್ತದೆ, ದಿನದ ಕಾರ್ಯಕ್ರಮದ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಹಾಕಿರುತ್ತಾರೆ, ಕಣ್ತಪ್ಪುವುದು ಸುಲಭ. ಅಲ್ಲಿ ಯಾರೂ ಕಾಗದ ಕೇಳಲಿಲ್ಲ. ವಿಯೆಟ್ನಾಂ ಯುದ್ಧದ ಟೋಪಿ ಹಾಕಿದ್ದ ಅಜ್ಜ ಒಬ್ಬರು ಮಾವನಿಗೆ ಕುರ್ಚಿ ಎಳೆದು ಕೂರಿಸಿದರು. ಮಾವನ ಇಂಗ್ಲಿಷ್ ಅಷ್ಟಕ್ಕಷ್ಟೇ, ನನ್ನ ಗಂಡ ನಡುವೆ ಕೂತು ಎರಡೂ ಕಡೆ ಹೇಳುತ್ತಿದ್ದರು. ಸಿಯಾಚಿನ್ ಅಂದಾಗ ಆ ಅಜ್ಜ ಊಟ ಹೇಗೆ ಬಿಸಿ ಮಾಡುತ್ತಿದ್ದಿರಿ, ಕಾಲ್ಬೆರಳು ಹೇಗೆ ಉಳಿಸಿಕೊಂಡಿರಿ ಅಂತ ಒಂದೊಂದಾಗಿ ಕೇಳಿದರು. ಮಾವ ಸೀಮೆಎಣ್ಣೆ ಸ್ಟೋವ್ ಪಂಪ್ ಮಾಡುವುದನ್ನು ಕೈಯಲ್ಲೇ ತೋರಿಸಿದರು. ಗ್ಲೇಸಿಯರ್ ಬೇಯಲ್ಲಿ ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಾಗಲೂ ಇವರಿಬ್ಬರೂ ರೇಲಿಂಗ್ ಹತ್ತಿರ ಒಟ್ಟಿಗೇ ಇದ್ದರು. ಆ ಪ್ರವಾಸದಲ್ಲಿ ಮಾವನಿಗೆ ಸಿಕ್ಕ ಗೌರವ ಅದು, ಯಾವ ಕ್ರೆಡಿಟ್‌ಗಿಂತಲೂ ನನಗೆ ದೊಡ್ಡದು ಅನ್ನಿಸಿತು.

ಅಲಾಸ್ಕಾದ ಜೂನೊ ಊರಿನಲ್ಲಿ ಇನ್ನೊಂದು ಅನುಕೂಲ. ಅಮೆರಿಕದ ಮಾಜಿ ಸೈನಿಕರಿಗೆ 2022ರ ನವೆಂಬರ್‌ನಿಂದ ರಾಷ್ಟ್ರೀಯ ಉದ್ಯಾನಗಳ ಜೀವಮಾನದ ಪಾಸ್ ಉಚಿತ. ತಲೆ ಲೆಕ್ಕದಲ್ಲಿ ಟಿಕೆಟ್ ಇರುವ ಕಡೆ ಆ ಪಾಸ್ ಇದ್ದವರ ಜೊತೆ ಇನ್ನೂ ಮೂರು ಜನ ದೊಡ್ಡವರು ಹೋಗಬಹುದು. ಮೆಂಡೆನ್‌ಹಾಲ್ ಹಿಮನದಿಯ ಸಂದರ್ಶಕರ ಕೇಂದ್ರದಲ್ಲಿ ಈ ಪಾಸ್ ನಡೆಯುತ್ತದೆ, ನಾಲ್ಕು ಜನಕ್ಕೆ ಸರಿಯಾಗಿ ಸಾಕು. ಮನೆಯಲ್ಲಿ ಬಿಟ್ಟು ಹೋಗಬೇಡಿ.

ಅಪ್ಪ ಅಮ್ಮನ ವೀಸಾ ವಿಷಯ ಕ್ರೆಡಿಟ್‌ಗಿಂತ ಮೊದಲು ನೋಡಬೇಕಾದ್ದು. ಸಿಯಾಟಲ್‌ನಿಂದ ಅಲಾಸ್ಕಾಗೆ ಹೋಗುವ ಹಡಗುಗಳಲ್ಲಿ ಹೆಚ್ಚಿನವು ವಿದೇಶಿ ಬಾವುಟದವು, ಅಂದರೆ ಬೇರೆ ದೇಶದಲ್ಲಿ ನೋಂದಣಿ ಆದವು, 1886ರ ಒಂದು ಕಾನೂನಿನ ಪ್ರಕಾರ ನಡುವೆ ಹೊರದೇಶದ ಬಂದರು ಮುಟ್ಟಲೇಬೇಕು. ಹಾಗಾಗಿ ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ, ಎಷ್ಟೋ ಸಲ ರಾತ್ರಿ ಕೆಲವೇ ಗಂಟೆ, ನಿಲ್ಲುತ್ತದೆ. ‘ನಾವು ಇಳಿಯಲ್ಲ, ಹಡಗಲ್ಲೇ ಇರ್ತೀವಿ’ ಅಂದರೆ ನಡೆಯಲ್ಲ, ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕೆನಡಾ ವೀಸಾ ಬೇಕು, ಇಲ್ಲದಿದ್ದರೆ ಹತ್ತಿಸಿಕೊಳ್ಳುವುದೇ ಇಲ್ಲ. ವಾಪಸ್ ಬರುವುದಕ್ಕೆ ಅಮೆರಿಕದ ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ಅಂತಲೂ ನೋಡಿಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಕೆನಡಾ ವೀಸಾ ಬೇಡ, ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಯಲ್ಲಿರಲಿ. ಇನ್ನು ಅಪ್ಪ ಸೇನೆಯಲ್ಲಿದ್ದವರಾದರೆ ಕೆನಡಾ ಅರ್ಜಿಯಲ್ಲಿ ಸೇವೆಯ ವಿವರ ಕೇಳುತ್ತಾರೆ, ಯಾವ ವರ್ಷದಿಂದ ಯಾವ ವರ್ಷ, ಯಾವ ಯೂನಿಟ್, ಯಾವ ರ‍್ಯಾಂಕ್, ಎಲ್ಲಿ ಪೋಸ್ಟಿಂಗ್ ಅಂತ. ಊರಲ್ಲಿ ಬೀರುವಿನೊಳಗಿರುವ ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟ ಫೋಟೊ ತೆಗೆದು ಇಟ್ಟುಕೊಂಡರೆ ಅರ್ಜಿ ತುಂಬುವುದು ಸಲೀಸು.

ಊಟದ ಚಿಂತೆ ಬೇಡ. ರಾತ್ರಿ ಊಟಕ್ಕೆ ಕೂತಾಗ ಹೆಡ್ ವೇಟರ್‌ಗೆ ನಾಳೆಗೆ ಇಂಡಿಯನ್ ವೆಜ್ ಬೇಕು ಅಂತ ಹೇಳಿದರೆ ಮಾಡಿಕೊಟ್ಟರು, ಬೇರೆ ದುಡ್ಡು ಇಲ್ಲ.

ಕೊನೆಯ ರಾತ್ರಿ ಗೆಸ್ಟ್ ಸರ್ವಿಸ್ ಮುಂದೆ ದೊಡ್ಡ ಸಾಲು ಇರುತ್ತದೆ. ಅದರ ಹಿಂದಿನ ದಿನವೇ, ಊಟದ ಹೊತ್ತಿನಲ್ಲಿ ಕೌಂಟರ್ ಖಾಲಿ ಇರುವಾಗ ಹೋಗಿ ಪೂರ್ತಿ ಬಿಲ್ ಪ್ರಿಂಟ್ ಕೇಳಿ. ಇನ್ನು ಬೀಳಬೇಕಾದ ಟಿಪ್ಸ್ ಎಷ್ಟು, ಕ್ರೆಡಿಟ್ ಎಷ್ಟು ಉಳಿದಿದೆ ಅಂತ ಅವರ ಮುಂದೆಯೇ ಕೂಡಿ ನೋಡಿ. ಏಜೆಂಟ್ ಕೊಟ್ಟ ಬೇರೆ ಕ್ರೆಡಿಟ್ ಕೂಡ ಇದ್ದರೆ, ವಾಪಸ್ ಬಾರದ ಮಿಲಿಟರಿ ಕ್ರೆಡಿಟ್ ಮೊದಲು ಖರ್ಚಾಗಿದೆಯಾ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ಸ್ವಲ್ಪ ಉಳಿಯುವ ಹಾಗಿದ್ದರೆ ಫೋಟೊ ಗ್ಯಾಲರಿಗೆ ಹೋಗಿ. ಅತ್ತೆ ಮಾವನ ಫೋಟೊವನ್ನು ನನ್ನ ಗಂಡ ಹಡಗಿನವರು ಕೊಟ್ಟ ತಮ್ಮ ಕಾರ್ಡ್ ತೋರಿಸಿ ತಮ್ಮ ಲೆಕ್ಕದಲ್ಲೇ ತಗೊಂಡರು, ಅದಕ್ಕೆ ಯಾರೂ ಬೇಡ ಅನ್ನಲಿಲ್ಲ.