ಹಮದಾನಿನ ಗಿಡ್ಡ ಬಾಗಿಲು

ಟೆಹ್ರಾನಿನಿಂದ ಹಮದಾನಿಗೆ ಬಸ್ಸಿನಲ್ಲಿ 300 ಚಿಲ್ಲರೆ ಕಿಲೋಮೀಟರ್. ಏಪ್ರಿಲ್ ತಾನೇ ಅಂತ ಸ್ವೆಟರ್ ತಂದಿರಲಿಲ್ಲ. ಇಳಿದರೆ ಅಲ್ವಂದ್ ಬೆಟ್ಟದ ಮೇಲೆ ಇನ್ನೂ ಹಿಮ! ಹಳೆಯ ಎಕ್ಬಟಾನ ಪಟ್ಟಣವೇ ಇದು. ಪರ್ಷಿಯದ ಅರಸರು ಬೇಸಿಗೆ ಕಳೆಯಲು ಇಲ್ಲಿಗೇ ಯಾಕೆ ಬರುತ್ತಿದ್ದರೆಂದು ಹಲ್ಲು ಕಟಕಟಿಸುತ್ತಲೇ ಅರ್ಥವಾಯಿತು.

ಪೇಟೆಯ ನಡುವೆ ಇಟ್ಟಿಗೆ ಗುಮ್ಮಟ. ಬೈಬಲ್ಲಿನ ಎಸ್ತೇರ್ ರಾಣಿ ಮತ್ತು ಅವಳನ್ನು ಸಾಕಿದ ಬಂಧು ಮೊರ್ದೆಕೈಯ ಸಮಾಧಿ ಅಂತ ಇರಾನಿನ ಯಹೂದಿಗಳು ನಡೆದುಕೊಳ್ಳುವ ಜಾಗ. ಬಾಗಿಲು ಒಂದೇ ಕಲ್ಲಿನದು, ನನ್ನ ಎದೆಮಟ್ಟಕ್ಕಿಂತ ಗಿಡ್ಡ. ಕಾವಲಿನ ಅಜ್ಜ ಅದನ್ನು ತಳ್ಳಿ, ಬಗ್ಗಿ ಬಾ ಅಂತ ಕೈಸನ್ನೆ ಮಾಡಿದ. ಒಳಗೆ ಕೆತ್ತನೆಯ ಎರಡು ಮರದ ಪೆಟ್ಟಿಗೆಗಳು, ಮೇಲೆ ಹೊದಿಸಿದ ಬಟ್ಟೆ, ಗೋಡೆಯ ಗಾರೆಯಲ್ಲಿ ಹೀಬ್ರೂ ಅಕ್ಷರ.

ಬೈಬಲ್ಲಿನ ಎಸ್ತೇರಳ ಗ್ರಂಥದ ಕಥೆ ನಡೆಯುವುದು ಇಲ್ಲಲ್ಲ, ದಕ್ಷಿಣದ ಶೂಷನ್ ಅರಮನೆಯಲ್ಲಿ. ತಬ್ಬಲಿ ಹುಡುಗಿ ಹದಸ್ಸಾ, ಅಂದರೆ ಎಸ್ತೇರ್, ತಾನು ಯಹೂದಿ ಅನ್ನುವುದನ್ನು ಮುಚ್ಚಿಟ್ಟು ಪರ್ಷಿಯದ ಅರಸ ಅಹಷ್ವೇರೋಷನ ರಾಣಿಯಾಗುತ್ತಾಳೆ. ಮಂತ್ರಿ ಹಾಮಾನ ಚೀಟಿ ಎತ್ತಿ, ಯಹೂದಿಗಳನ್ನೆಲ್ಲ ಒಂದೇ ದಿನ ಮುಗಿಸಲು ತಾರೀಖು ಗೊತ್ತುಮಾಡುತ್ತಾನೆ. ಆ ಚೀಟಿಯ ಹೆಸರು ‘ಪೂರ್’, ಯಹೂದಿಗಳ ಪೂರಿಮ್ ಹಬ್ಬದ ಹೆಸರು ಬಂದದ್ದು ಅದರಿಂದ. ಕರೆಯದೆ ಅರಸನೆದುರು ಹೋದರೆ ಮರಣ; ಅವನು ಚಿನ್ನದ ದಂಡ ಚಾಚಿದರೆ ಮಾತ್ರ ಬದುಕು. ತನ್ನ ಜನರನ್ನು ಉಳಿಸಲು ಎಸ್ತೇರ್ ಮೂರು ದಿನ ಉಪವಾಸವಿದ್ದು, ಸತ್ತರೆ ಸತ್ತೆ ಅಂತ ಹೊರಡುತ್ತಾಳೆ. ನನಗೆ ಇಷ್ಟವಾದದ್ದು ಮುಂದಿನದು. ಅರಸ ಏನು ಬೇಕು ಅಂದರೆ, ಊಟಕ್ಕೆ ಬನ್ನಿ ಅನ್ನುತ್ತಾಳೆ. ಉಂಡ ಮೇಲೆ ಮತ್ತೆ ಕೇಳಿದರೆ, ನಾಳೆಯೂ ಬನ್ನಿ! ನನ್ನ ಜನರ ಪ್ರಾಣ ಉಳಿಸಿ ಅಂತ ಬಾಯಿ ಬಿಡುವುದು ಎರಡನೆಯ ಊಟದಲ್ಲೇ. ಎದೆಗಾರಿಕೆಯಷ್ಟೇ ಅಲ್ಲ, ಲೆಕ್ಕಾಚಾರವೂ ಇದೆ.

ಅಹಷ್ವೇರೋಷನೆಂದರೆ ಕ್ರಿ.ಪೂ. 486ರಿಂದ 465ರವರೆಗೆ ಆಳಿದ ಕ್ಸರ್ಕ್ಸೀಸ್ ಅನ್ನುವುದು ಬಹುಮಂದಿಯ ಊಹೆ. ಆದರೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುವ ಅವನ ರಾಣಿ ಅಮೆಸ್ಟ್ರಿಸ್. ಎಸ್ತೇರಳ ಸುಳಿವು ಪರ್ಷಿಯದ ಯಾವ ಶಾಸನದಲ್ಲೂ ಸಿಕ್ಕಿಲ್ಲ. ಈ ಗೋರಿಯೂ ಅವಳದಲ್ಲ, ಶತಮಾನಗಳ ನಂತರದ ಸಸಾನಿಯನ್ ರಾಜವಂಶದ ರಾಣಿ ಶೂಷಂದುಖ್ತಳದಿರಬೇಕು ಅಂತ ಹರ್ಟ್ಸ್‌ಫೆಲ್ಡ್ ಅನ್ನುವ ಪುರಾತತ್ವಜ್ಞ ಊಹಿಸಿದ್ದ. ಅಜ್ಜನೆದುರು ಇದನ್ನೆಲ್ಲ ಎತ್ತಲಿಲ್ಲ. ಗ್ರಂಥದ ಮೊದಲ ವಾಕ್ಯದಲ್ಲೇ ಅರಸನ 127 ಸಂಸ್ಥಾನಗಳು ‘ಹೋದು’ವಿನಿಂದ ಶುರುವಾಗುತ್ತವೆ. ಹೋದು ಅಂದರೆ ಸಿಂಧೂ ಸೀಮೆ, ನಮ್ಮ ಕಡೆಯದೇ. ನಾನು ಇಂಡಿಯಾ ಅಂದಾಗ ಅಜ್ಜ ನಕ್ಕದ್ದು ಅದಕ್ಕೋ, ನಮ್ಮ ಸಿನಿಮಾಗಳಿಗೋ.

ಮಧ್ಯಾಹ್ನ ಟ್ಯಾಕ್ಸಿ ಹಿಡಿದು ಊರಾಚೆಯ ಗಂಜ್‌ನಾಮೆಗೆ ಹೋದೆ. ಬಂಡೆಯ ಮೇಲೆ ಪರ್ಷಿಯದ ಅರಸ ದಾರಯವಹುವಿನ (ಡೇರಿಯಸ್) ಶಾಸನ, ಪಕ್ಕದಲ್ಲಿ ಮಗ ಕ್ಸರ್ಕ್ಸೀಸನದು, ಒಂದೊಂದೂ ಮೂರು ಭಾಷೆಯಲ್ಲಿ. ಓದಲು ಬಾರದ ಕಾಲದ ಜನ ನಿಧಿಯ ಗುರುತೆಂದುಕೊಂಡರು. ಗಂಜ್ ಅಂದರೆ ನಿಧಿ. ಮಗನ ಶಾಸನ ಪರ್ಷಿಯನರ ದೇವರು ಅಹುರಮಜ್ದನ ಸ್ತುತಿಯಿಂದ ಶುರುವಾಗುತ್ತದೆ. ಎಸ್ತೇರಳ ಹೀಬ್ರೂ ಗ್ರಂಥದಲ್ಲೋ ದೇವರ ಹೆಸರು ಒಮ್ಮೆಯೂ ಇಲ್ಲ. ಬಂಡೆಯ ಮೇಲೆ ದೇವರಿದ್ದಾನೆ, ಅಪ್ಪನಿದ್ದಾನೆ. ಹೆಂಡತಿ ಯಾರೂ ಇಲ್ಲ. ಪಕ್ಕದ ಜಲಪಾತದ ನೀರು ಮುಖಕ್ಕೆ ಸಿಡಿಯುತ್ತಿತ್ತು. ಬಿಸಿ ಚಹಾ ಹುಡುಕಿಕೊಂಡು ಕೆಳಗಿಳಿದೆ.